ಕೆನ್ನೆಗೆ ಒತ್ತಿದ ಕಲ್ಲು

"ಮೂವತ್ತು ದಿನ ಡ್ರಮ್ಮಲ್ಲಿ ತಿರುಗಿದೆ, ಮುಟ್ಟಿ ನೋಡಮ್ಮ" ಎಂದು ಆವಲಪ್ಪ ಮೇಷ್ಟ್ರು ಆಗತಾನೇ ತೊಳೆದ ಬಣ್ಣದ ಕಲ್ಲನ್ನು ಗಂಗುಲಮ್ಮನ ಅಂಗೈಗೆ ಹಾಕಿದರು. ಕಲ್ಲು ನುಣುಪು ಮಾಡುವ ಆ ಡ್ರಮ್ಮಿನ ಸದ್ದಿಗೆ ತಿಂಗಳಿಡೀ ಗೊಣಗಿದ್ದ ಶಿಡ್ಲಘಟ್ಟದ ಆ ಬೀದಿಯವರೆಲ್ಲ, ಇವತ್ತಿಗೆ ಮುಗಿಯಿತೆಂದು ಅಂಗಳದಲ್ಲಿ ಸೇರಿದ್ದರು.

ಸವೆದು ನುಣುಪಾದ ಒರಳನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವುದು ಗಂಗುಲಮ್ಮನ ಕಸುಬು. ಜಡ್ಡುಗಟ್ಟಿದ ಬೆರಳನ್ನು ಅವಳು ನಂಬಲಿಲ್ಲ. ಕಲ್ಲನ್ನು ಕೆನ್ನೆಗೆ ಒತ್ತಿ ಮೆಲ್ಲಗೆ ಎಳೆದಳು.

"ಇನ್ನೂ ತರಿ ಐತೆ ಮೇಷ್ಟ್ರೇ. ಒಂದು ವಾರ ತಿರುಗ್ಲಿ."

"ಇಷ್ಟು ಹೊಳೀತಾ ಇದೆಯಲ್ಲ?"

"ನೀರು ಹಾಕಿದ್ರೆ ಒರಳೂ ಹೊಳೀತದೆ."

ಮೇಷ್ಟ್ರು ಕಲ್ಲನ್ನು ಪಂಚೆಯಲ್ಲಿ ಒರೆಸಿ ತಮ್ಮ ಕೆನ್ನೆಗೂ ಒತ್ತಿಕೊಂಡರು. ಆಮೇಲೆ ಅದನ್ನು ಮತ್ತೆ ಡ್ರಮ್ಮಿಗೆ ಹಾಕಿ, ಬೀದಿಯವರೆಲ್ಲ ನೋಡುತ್ತಿದ್ದಂತೆಯೇ ಸ್ವಿಚ್ ಒತ್ತಿದರು.