ಹಿನ್ನೀರಿನ ಗಾಳ

ಚಳಿ ಹಿಂದೆ ಸರಿದು ನೀರು ಬೆಚ್ಚಗಾಗುತ್ತಿದ್ದಂತೆ ಜಿಲೇಬಿ ಮೀನುಗಳು ಹಿನ್ನೀರಿನಲ್ಲಿ ಮುಳುಗಿದ ಬೊಡ್ಡೆಗಳ ಸುತ್ತ ಸೇರಿದ್ದವು. ಗಾಳ ಹಾಕೋಣವೆಂದು ಮಾದಪ್ಪನನ್ನು ತೆಪ್ಪದಲ್ಲಿ ಕರೆತಂದವನು ಭಾಮೈದ ಕೆಂಪಯ್ಯ. ಹೆಂಡತಿ ಜಾರಿಬಿದ್ದು ಸತ್ತಳೆಂಬ ತನ್ನ ಮಾತನ್ನು ಅವಳ ತವರಿನವರು ನಂಬಿದ್ದಾರೆಂದೇ ಮಾದಪ್ಪ ತಿಳಿದಿದ್ದ. ನಡುನೀರಿನಲ್ಲಿ ಕೆಂಪಯ್ಯ ಹುಟ್ಟು ಎತ್ತಿ ಅವನ ತಲೆಗೆ ಬಾರಿಸಿದ.

“ನಮ್ಮಕ್ಕನ್ನ ಹಿಂಗೇ ಅಲ್ವಾ ಬಡ್ದು ಸಾಯ್ಸಿದ್ದು?”

“ತಪ್ಪಾಯ್ತು ಕಣೋ, ಬಿಟ್ಬುಡು!”

ಇನ್ನೊಂದು ಏಟಿಗೆ ತೆಪ್ಪ ಮಗುಚಿತು. ಈಜು ಬಾರದ ಮಾದಪ್ಪ ನೀರು ಕುಡಿಯುತ್ತ ಮುಳುಗಿದ. ಅಷ್ಟರಲ್ಲಿ ಕೆಂಪಯ್ಯನ ಕೈ ಅವನ ಕೂದಲನ್ನು ಹಿಡಿದೆಳೆಯಿತು.

“ಸಾಯ್‌ಬ್ಯಾಡ ಭಾವ!” ಎನ್ನುತ್ತ ಕೆಂಪಯ್ಯ ದಡದವರೆಗೂ ಅವನನ್ನು ಎಳೆದುಕೊಂಡೇ ಈಜಿದ.

ಮಾದಪ್ಪ ಕೆಮ್ಮುತ್ತ, ಅಳುತ್ತ ಅವನ ಕಾಲು ಹಿಡಿದುಕೊಂಡ. “ಜೀವ ಉಳ್ಸ್ದೆ ಕಣಪ್ಪ, ದೇವ್ರು ನೀನು.”

ಕೆಂಪಯ್ಯ ದಿಬ್ಬದ ಮೇಲೆ ಕಾಯುತ್ತಿದ್ದ ತಾಯಿಯ ಕಡೆ ತಿರುಗಿ ಕೂಗಿದ: “ಅವ್ವೋ, ಇನ್ನೂ ಉಸ್ರು ಅದೆ, ನಿನ್ ಪಾಲಿಗೇ ಉಳ್ಸಿವ್ನಿ! ಮಚ್ಚು ತಕ್ಕೊಂಡ್ ಬಾ.”