ತೋಳದ ಪುಟ

ನನ್ನ ಹಳೆಯ ಚಿತ್ರಪುಸ್ತಕವನ್ನು ಈಗ ತೆರೆದರೂ ಕಂಬಳಿಯ ವಾಸನೆ ಮೂಗಿಗೆ ಬಡಿಯುತ್ತದೆ.

ಅಪ್ಪ ಅದನ್ನು ಶಿರಾದಿಂದ ತಂದ ಮಧ್ಯಾಹ್ನ, ಬರಗೂರಿನ ಮನೆಯ ಜಗಲಿಯಲ್ಲಿ ಅಜ್ಜಿಗೆ ಚಿತ್ರ ತೋರಿಸುತ್ತಿದ್ದೆ. ಎಡಪುಟದಲ್ಲೊಂದು ತೋಳ; ಅದರ ನಾಲಿಗೆಯ ಕೆಂಪು ಬಣ್ಣ ಅಚ್ಚಿನ ಗೆರೆ ದಾಟಿ ಗದ್ದಕ್ಕೂ ಹರಡಿತ್ತು. ಬಲಪುಟದಲ್ಲಿ ಹತ್ತಿಯುಂಡೆಯಂಥ ಕುರಿಮರಿ. ಹುಟ್ಟಿದಾಗಿನಿಂದ ಕುರಿ ಕಾಯ್ದಿದ್ದ ಅಜ್ಜಿ ಮರಿಯ ಬೆನ್ನು ಸವರಿದಳು. ನಾನು ಪುಸ್ತಕ ಮುಚ್ಚಲು ಹೋದೆ.

“ಲೇ, ಮುಚ್ಬೇಡ ಕಣ್ಲಾ! ಮುಚ್ಬುಟ್ರೆ ತೋಳ ಮರಿ ಮ್ಯಾಲೇ ಬಿದ್ಬುಡ್ತದೆ!”

“ಅದು ಚಿತ್ರ ಕಣಜ್ಜಿ.”

“ಅದು ತೋಳಕ್ಕೆ ಗೊತ್ತೇನ್ಲಾ?”

ತನ್ನ ಕಂಬಳಿಯ ಅಂಚನ್ನು ಪರ್‍ರನೆ ಹರಿದು ಎರಡು ಪುಟಗಳ ನಡುವೆ ಹಾಸಿದಳು. ಆಮೇಲಷ್ಟೇ ಮುಚ್ಚಲು ಬಿಟ್ಟಳು.

ಇವತ್ತಿಗೂ ಕುರಿಮರಿಗೆ ಏನೂ ಆಗಿಲ್ಲ. ತೋಳವನ್ನು ಮಾತ್ರ ಗೆದ್ದಲು ತಿಂದಿದೆ.