ಬಿಳಿ ಬಟ್ಟೆಯ ಕೊನೆಯ ದಿನ

ಬಾಗಿಲು ಬಡಿದಾಗ ವಿಧವೆ ಇತ್ತೊ ಕುರಿಚರ್ಮದ ಹಾಸಿನ ಮೇಲೆ ಕೂತೇ ಇದ್ದಳು. ಏಳುವಂತಿರಲಿಲ್ಲ. ಹಾಸಿನಡಿ, ಸಾಯುವ ಮುಂಚೆ ಗಂಡ ಎಣ್ಣೆ ಜಾಡಿ ಹೂಳಲೆಂದು ಅಗೆದ ಕಡೆ, ರೋಮನ್ನರ ಕಾಲದ ಚಿತ್ರದ ನೆಲಹಾಸು ಇತ್ತು. ಬಣ್ಣದ ಕಲ್ಲುಚೂರುಗಳಲ್ಲಿ ಕೂರಿಸಿದ ಹೆಣ್ಣಿನ ಮುಖ. ಸರ್ಕಾರದವರು ಕಂಡರೆ ಮನೆ ಬಿಡಿಸುತ್ತಾರೆ. ಗುಡ್ಡದ ಕೆಳಗೆ ಪಾಳುಬಿದ್ದ ಕಂಬಗಳ ಬಳಿ ಆಗಲೇ ಎರಡು ಮನೆ ಖಾಲಿಯಾಗಿದ್ದವು.

"ಲಲ್ಲಾ ಫದ್ಮಾ, ಪುರಾತತ್ವ ಕಚೇರಿಯಿಂದ ಬಂದಿದೀನಿ. ಒಳಗಿನ ಕೋಣೆ ನೋಡ್ಬೇಕಿತ್ತು."

"ನೋಡಪ್ಪ, ಧಾರಾಳವಾಗಿ ನೋಡು," ಬಾಗಿಲು ತೆರೆದ ಅತ್ತೆ ಫದ್ಮಾಳ ದನಿ. "ಸೊಸೆ ಬಿಳಿ ತೊಟ್ಟು ಕೂತಿದಾಳೆ. ಗಂಡ ಸತ್ತು ದಿನ ತುಂಬದವಳ ಕೋಣೆಗೆ ನುಗ್ಗು ಅಂತ ನಿಮ್ಮಮ್ಮ ಕಲಿಸಿದ್ರೆ, ಬಾ."

ಅವನು ಹೊಸ್ತಿಲಲ್ಲೇ ನಿಂತ. "ಶೋಕದ ನಾಲ್ಕು ತಿಂಗಳು ಹತ್ತು ದಿನ ಇವತ್ತಿಗೆ ಮುಗೀತಲ್ವಾ? ಬಿಡಿ, ನಾಳೆ ಬರ್ತೀನಿ."

ಇತ್ತೊಳ ಪಕ್ಕದಲ್ಲಿ ಗಂಟು ಸಿದ್ಧವಿತ್ತು. ಸೋಪು, ಹೊಸ ಚಪ್ಪಲಿ, ದಾಳಿಂಬೆ ಬಣ್ಣದ ನಿಲುವಂಗಿ. ನಾಳೆ ಬೆಳಿಗ್ಗೆ ಊರ ಸ್ನಾನದ ಮನೆಗೆ ಹೋಗಿ ಬಿಳಿ ಕಳಚುವುದು. ಮಧ್ಯಾಹ್ನ ಮೆಕ್ನೆಸ್ ಪಟ್ಟಣದಿಂದ ಅಣ್ಣ ಬಂದು ತವರಿಗೆ ಕರೆದೊಯ್ಯುವುದು.

ಹೊರಗೆ ಅತ್ತೆ ಹೊರಟವನನ್ನು ಕರೆದು ನಿಲ್ಲಿಸಿದಳು.

"ನಾಳೆ ಮುಗಿಯಲ್ಲಪ್ಪ. ಅವಳು ಬಸುರಿ. ಹೆರೋವರೆಗೂ ಬಿಳೀನೇ."

"ದೇವರು ಒಳ್ಳೇದು ಮಾಡ್ಲಿ! ಹಾಗಾದ್ರೆ ಹೆರಿಗೆ ಆದ್ಮೇಲೇ ಬರ್ತೀನಿ."

ಅವನು ಓಣಿ ಇಳಿಯುವ ಮುಂಚೆಯೇ ಪಕ್ಕದ ಮಾಳಿಗೆಯ ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕಿದರು. ಮಾಳಿಗೆಯಿಂದ ಮಾಳಿಗೆಗೆ ಕೂಗು ಹಬ್ಬಿತು.

ಅತ್ತೆ ಒಳಬಂದು ಚಿಲಕ ಹಾಕಿದಳು.

"ಅತ್ತೆ, ನಾನು ಬಸುರಿಯಲ್ಲ. ತಿಂಗಳು ತಿಂಗಳು ನನ್ನ ಬಟ್ಟೆ ಒಗೆದವರು ನೀವೇ."

"ಗೊತ್ತು."

"ನಾಳೆ ಅಣ್ಣ ಬರ್ತಾನೆ."

"ಬರ್ಲಿ. ಓಣಿಯವರೇ ಶುಭಾಶಯ ಹೇಳಿ ವಾಪಸ್ ಕಳಿಸ್ತಾರೆ."

"ಐದು ತಿಂಗಳಾದ್ಮೇಲೆ ಕೂಸೆಲ್ಲಿ ಅಂತ ಕೇಳಿದ್ರೆ?"

"ಹೊಟ್ಟೇಲಿ ನಿದ್ದೆ ಹೋಗಿದೆ ಅಂತೀನಿ. ಈ ಊರಲ್ಲಿ ಯಾರೂ ಸುಳ್ಳು ಅನ್ನಲ್ಲ. ನಮ್ಮ ಚಿಕ್ಕಮ್ಮನ ಹೊಟ್ಟೇಲಿ ಕೂಸು ಏಳು ವರ್ಷ ಮಲಗಿತ್ತು."

"ಆಮೇಲೆ ಎದ್ದಿತಾ?"

ಅತ್ತೆ ಗಂಟು ಬಿಚ್ಚಿ ಚಪ್ಪಲಿಗಳನ್ನು ತೆಗೆದು ಕಂಕುಳಲ್ಲಿಟ್ಟುಕೊಂಡಳು. ಹಾಸು ಸರಿದ ಕಡೆ ಕಲ್ಲಿನ ಹೆಣ್ಣಿನ ಒಂದು ಕಣ್ಣು ತೆರೆದಿತ್ತು. ಅತ್ತೆ ಬಗ್ಗಿ, ಇತ್ತೊಳ ಬಿಳಿ ಬಟ್ಟೆಯ ಅಂಚನ್ನು ಎಳೆದು ಅದನ್ನು ಮುಚ್ಚಿದಳು.